ಹಿಮ್ಮಡಿಯ ಒಂದು ಹನಿ ಮತ್ತು ಹೊಗೆಸೊಪ್ಪಿನ ಗುರುತು

ಮೈಸೂರಿನಲ್ಲಿ ಆಶಾ ಕಾರ್ಯಕರ್ತೆಯರು, ಆರೋಗ್ಯ ಸಹಾಯಕಿಯರು ಮತ್ತು ನರ್ಸಿಂಗ್ ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳ ಬರಹ ರೂಪ ಇದು. ಮಾತಿನ ಭರದಲ್ಲಿ ಚದುರಿಹೋಗಿದ್ದನ್ನು ಬರೆಯುವಾಗ ಒಟ್ಟುಗೂಡಿಸಿದ್ದೇನೆ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಹೆಚ್ಚಿನವರು ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯಿಂದ ಬೆಳಗಿನ ಬಸ್ ಹಿಡಿದು ಬಂದಿದ್ದೀರಿ. ಬರುವ ದಾರಿಯಲ್ಲಿ ಕಿಟಕಿಯಾಚೆ ಏನು ಕಾಣುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮುಂಗಾರಿನ ಮಳೆಗೆ ಹೊಗೆಸೊಪ್ಪಿನ ಸಸಿ ನೆಟ್ಟ ಹೊಲಗಳು, ಹೊಲದ ಅಂಚಿಗೆ ಸೊಪ್ಪು ಹದಮಾಡುವ ಎತ್ತರದ ಬ್ಯಾರನ್, ಅದರ ಪಕ್ಕದಲ್ಲಿ ಒಟ್ಟಿದ ಸೌದೆ. ಈ ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಮಗಳ ಮದುವೆ, ಮಗನ ಕಾಲೇಜು ಶುಲ್ಕ, ಹಳೆಯ ಸಾಲದ ಕಂತು, ಎಲ್ಲವೂ ಹರಾಜು ಕಟ್ಟೆಯಲ್ಲಿ ಸೊಪ್ಪಿಗೆ ಸಿಗುವ ಬೆಲೆಯ ಮೇಲೆ ನಿಂತಿರುತ್ತವೆ. ಆ ಸೊಪ್ಪಿನ ಅಂಶ ಹೆರಿಗೆ ಕೋಣೆಯವರೆಗೆ ಹೇಗೆ ಬರುತ್ತದೆ, ಬಂದದ್ದನ್ನು ಹಸುಗೂಸಿನ ರಕ್ತದಲ್ಲಿ ಹೇಗೆ ಗುರುತಿಸುತ್ತಾರೆ, ಗುರುತಿಸಿದ ಮೇಲೆ ನಾವು ಮಾಡಬೇಕಾದದ್ದೇನು, ಮಾಡಬಾರದ್ದೇನು ಎಂಬುದು ಇಂದಿನ ಮಾತು.

ಬಹಳ ವರ್ಷಗಳಿಂದ ನನ್ನನ್ನು ಕಾಡುತ್ತಿರುವ ಒಂದು ಘಟನೆಯಿಂದ ಆರಂಭಿಸುತ್ತೇನೆ. ನಾನಾಗ ಪ್ರಯೋಗಾಲಯದ ಕೆಲಸ ಕಲಿಯುತ್ತಿದ್ದ ಕಿರಿಯಳು. ರಕ್ತದ ಮಾದರಿ ತರಲು ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಹೋಗಿದ್ದೆ. ಪಿರಿಯಾಪಟ್ಟಣದ ಕಡೆಯ ಒಬ್ಬ ಹುಡುಗಿ, ಮೊದಲ ಹೆರಿಗೆ. ತಿಂಗಳು ತುಂಬಿಯೇ ಹುಟ್ಟಿದ ಮಗು, ಆದರೆ ತೂಕ ಎರಡು ಕಿಲೋ ನೂರು ಗ್ರಾಂ. ಸುತ್ತು ಬಂದ ವೈದ್ಯರು ಅವಳ ಅತ್ತೆ, ನಾದಿನಿಯರ ಎದುರಿಗೇ "ಹೊಗೆಸೊಪ್ಪು ಹಾಕುತ್ತೀಯಾ?" ಎಂದು ಗದರಿಸಿದರು. ಅವಳು ಇಲ್ಲ ಎಂದಳು. "ಸುಳ್ಳು ಹೇಳಬೇಡ" ಎಂದರು. ಅವಳು ಮಗುವಿನ ಕಡೆಗೆ ಮುಖ ತಿರುಗಿಸಿ ಮಲಗಿಕೊಂಡಳು. ಆಮೇಲೆ ನಾನು ರಕ್ತ ತೆಗೆಯಲು ಅವಳ ಕೈ ಹಿಡಿದೆ. ಬೆರಳ ತುದಿಗಳಲ್ಲಿ, ಅಂಗೈಯ ಗೆರೆಗಳಲ್ಲಿ ಕಪ್ಪು ಅಂಟು ಕೂತಿತ್ತು. ಹಿಂದಿನ ವಾರದವರೆಗೂ ಸೊಪ್ಪು ಮುರಿಯಲು, ಕೋಲಿಗೆ ಕಟ್ಟಲು ಹೋಗುತ್ತಿದ್ದೆ, ಬಾಯಿಗೆ ಮಾತ್ರ ಒಂದು ದಿನವೂ ಹಾಕಿದವಳಲ್ಲ ಎಂದಳು. ನಾನು ಅವಳನ್ನು ನಂಬಿದೆ. ಆದರೆ ಅವಳ ಅತ್ತೆಗೆ ಆ ಮಾತನ್ನು ಹೇಳಬಲ್ಲವಳು ಅಲ್ಲಿ ನಾನೊಬ್ಬಳೇ ಇದ್ದೆ, ಹೇಳದೆ ಹೊರಟುಬಂದೆ.

ಎಳೆಯ ಮಗುವಿನ ತೂಕ ಕಡಿಮೆಯಾಗಲು ಹತ್ತು ಕಾರಣಗಳಿರುತ್ತವೆ. ರಕ್ತಹೀನತೆ, ರಕ್ತದೊತ್ತಡ, ತಾಯಿಯ ಎಳೆಯ ವಯಸ್ಸು, ಅವಳ ಊಟ. ಅವಳ ಮಗುವಿನ ವಿಷಯದಲ್ಲಿ ಯಾವುದು ಎಷ್ಟು ಎಂದು ಇಂದಿಗೂ ಹೇಳಲಾಗದು. ಆದರೆ ಆ ವೈದ್ಯರ ಪ್ರಶ್ನೆಯೇ ತಪ್ಪಾಗಿತ್ತು ಎಂದು ಈಗ ಖಚಿತವಾಗಿ ಹೇಳಬಲ್ಲೆ. ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ ನೀರಿನಲ್ಲಿ ಕರಗುತ್ತದೆ, ಚರ್ಮದ ಮೂಲಕವೂ ಒಳಗೆ ಇಳಿಯುತ್ತದೆ. ಇಬ್ಬನಿಯಲ್ಲೋ ಮಳೆಯಲ್ಲೋ ನೆನೆದ ಸೊಪ್ಪನ್ನು ಮುರಿದು ಕಂಕುಳಲ್ಲಿ ಒತ್ತಿಕೊಂಡು ಸಾಗಿಸುವಾಗ ಬಟ್ಟೆ ತೊಯ್ದು ಮೈಗೆ ಅಂಟುತ್ತದೆ. ಸಂಜೆಗೆ ತಲೆ ಸುತ್ತು, ವಾಂತಿ, ಹೊಟ್ಟೆ ತೊಳಸು, ಸುಸ್ತು. ಇದಕ್ಕೆ ಹಸಿ ತಂಬಾಕಿನ ಕಾಯಿಲೆ ಎಂದೇ ವೈದ್ಯಶಾಸ್ತ್ರದಲ್ಲಿ ಹೆಸರಿದೆ. ಗರ್ಭಿಣಿಗೆ ಇದೇ ಲಕ್ಷಣಗಳು ಬಂದರೆ ನಾವೆಲ್ಲ ಬಸಿರಿನ ವಾಂತಿ ಎಂದು ಸುಮ್ಮನಾಗುತ್ತೇವೆ. ಗಿಡದ ಕುಡಿ ಮುರಿದ ಮೇಲೆ ಎಲೆಯಲ್ಲಿ ನಿಕೋಟಿನ್ ಇನ್ನಷ್ಟು ಹೆಚ್ಚುತ್ತದೆ. ಸೊಪ್ಪು ಮುರಿಯುವ ಕೆಲಸ ಬರುವುದು ಅದಾದ ಮೇಲೆಯೇ, ಮಳೆಗಾಲದ ನಡುವೆಯೇ.

ತಾಯಿಯ ರಕ್ತಕ್ಕೆ ಇಳಿದ ನಿಕೋಟಿನ್ ಮಾಸನ್ನು ಸುಲಭವಾಗಿ ದಾಟುತ್ತದೆ. ಮಾಸು ಎಂದರೆ ಜರಡಿ ಎಂದು ನಾವು ಪಾಠದಲ್ಲಿ ಓದುತ್ತೇವೆ, ಆದರೆ ಈ ಪುಟ್ಟ ಅಣುವಿಗೆ ಆ ಜರಡಿಯ ಕಣ್ಣು ದೊಡ್ಡದು. ಮಗುವಿನ ರಕ್ತದಲ್ಲಿ ಅದರ ಮಟ್ಟ ತಾಯಿಯ ರಕ್ತದಲ್ಲಿರುವಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚೂ ಇರುತ್ತದೆ. ಮಗು ಗರ್ಭಜಲದೊಳಗೆ ಮೂತ್ರ ಮಾಡುತ್ತದೆ, ಅದೇ ನೀರನ್ನು ಮತ್ತೆ ನುಂಗುತ್ತದೆ. ಒಮ್ಮೆ ಹೊರಹೋದದ್ದು ಹೀಗೆ ಮತ್ತೆ ಒಳಕ್ಕೆ ಬರುತ್ತದೆ. ಬೀಡಿ ಸಿಗರೇಟಿನ ಹೊಗೆಯಾದರೆ ಜೊತೆಗೆ ಇಂಗಾಲದ ಮಾನಾಕ್ಸೈಡ್ ಕೂಡ ಇರುತ್ತದೆ. ಅದು ಆಮ್ಲಜನಕ ಕೂರಬೇಕಾದ ಜಾಗದಲ್ಲಿ ತಾನು ಕೂತುಬಿಡುತ್ತದೆ. ಹೊಗೆಯಿಲ್ಲದ ತಂಬಾಕಿನಲ್ಲಿ ಆ ಅನಿಲ ಇಲ್ಲ, ಹಾಗೆಂದು ಅದು ನಿರಪಾಯವಲ್ಲ. ಮುಂಬೈಯಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ಗರ್ಭಿಣಿಯರನ್ನು ಹೆರಿಗೆಯವರೆಗೆ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗರ್ಭ ಧರಿಸಿದಾಗ ಹೊಗೆರಹಿತ ತಂಬಾಕು ಬಳಸುತ್ತಿದ್ದವರ ಮಕ್ಕಳ ತೂಕ ಸರಾಸರಿ 105 ಗ್ರಾಂ ಕಡಿಮೆ ಇತ್ತು. ಎರಡು ಕೋಳಿಮೊಟ್ಟೆಯ ತೂಕ. ಮೂರು ಕಿಲೋ ಮಗುವಿಗೆ ಅದು ದೊಡ್ಡದಾಗಿ ಕಾಣದು. ಕಡಿಮೆ ತೂಕದ ಗೆರೆಯಾದ ಎರಡೂವರೆ ಕಿಲೋ ಅಂಚಿನಲ್ಲಿ ನಿಂತ ಮಗುವಿಗೆ ಅಷ್ಟೇ ಸಾಕು, ಆಚೆ ಬೀಳಲು.

ಈಗ ಗುರುತಿನ ವಿಷಯಕ್ಕೆ ಬರುತ್ತೇನೆ. ನಿಕೋಟಿನ್ ಅನ್ನೇ ರಕ್ತದಲ್ಲಿ ಹುಡುಕಿದರೆ ಸಿಗುವುದು ಕಷ್ಟ, ಏಕೆಂದರೆ ದೊಡ್ಡವರ ರಕ್ತದಲ್ಲಿ ಸುಮಾರು ಎರಡು ಗಂಟೆಗೆ ಅದು ಅರ್ಧವಾಗುತ್ತದೆ. ಆದರೆ ಯಕೃತ್ತು ಅದರ ಬಹುಪಾಲನ್ನು, ಸುಮಾರು ನೂರಕ್ಕೆ ಎಪ್ಪತ್ತರಿಂದ ಎಂಬತ್ತು ಪಾಲನ್ನು, ಕೊಟಿನಿನ್ ಎಂಬ ಇನ್ನೊಂದು ವಸ್ತುವಾಗಿ ಮಾರ್ಪಡಿಸುತ್ತದೆ. ಹೆಸರಿನ ಬಗ್ಗೆ ಒಂದು ಮಾತು: ಇಂಗ್ಲಿಷಿನಲ್ಲಿ ನಿಕೋಟಿನ್ ಎಂದು ಬರೆಯುವ ಅಕ್ಷರಗಳನ್ನೇ ಹಿಂದೆ ಮುಂದೆ ಮಾಡಿದರೆ ಕೊಟಿನಿನ್ ಆಗುತ್ತದೆ. ಈ ವಸ್ತು ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ದೊಡ್ಡವರಲ್ಲಿ ಅದರ ಅರ್ಧಾಯು, ಎಂದರೆ ಅರ್ಧಕ್ಕೆ ಇಳಿಯಲು ಹಿಡಿಯುವ ಹೊತ್ತು, ಹದಿನಾರು ಗಂಟೆ ಅಥವಾ ಇನ್ನೂ ತುಸು ಹೆಚ್ಚು. ತಂಬಾಕನ್ನು ಬಿಟ್ಟರೆ ಬೇರೆಡೆಯಿಂದ ಅದು ಬರುವುದು ತೀರ ಅಲ್ಪ. ಹಾಗಾಗಿ ತಂಬಾಕು ದೇಹವನ್ನು ಹೊಕ್ಕಿತ್ತು ಎನ್ನಲು ಅದು ಒಳ್ಳೆಯ ಸಾಕ್ಷಿ. ಸೇದಿದ್ದೋ, ಅಗಿದದ್ದೋ, ಪಕ್ಕದವರು ಬಿಟ್ಟ ಹೊಗೆಯೋ, ಕೈಗೆ ಅಂಟಿದ ಸೊಪ್ಪೋ ಎಂಬುದನ್ನು ಮಾತ್ರ ಅದು ಹೇಳದು.

ಮಗುವಿನಲ್ಲಿ ಅದನ್ನು ಎಲ್ಲಿ ನೋಡುತ್ತಾರೆ? ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಯ ರಕ್ತದಲ್ಲಿ ನೋಡಬಹುದು. ಇಲ್ಲವೇ ಎರಡು ಮೂರು ದಿನದ ಮಗುವಿನ ಹಿಮ್ಮಡಿಗೆ ಚುಚ್ಚಿ, ದಪ್ಪನೆಯ ಸೋಸುಕಾಗದದ ಕಾರ್ಡಿನ ಮೇಲಿನ ವೃತ್ತಗಳಿಗೆ ರಕ್ತದ ಹನಿಗಳನ್ನು ಇಳಿಸಿ ಒಣಗಿಸಬಹುದು. ಈ ಒಣ ರಕ್ತದ ಕಾರ್ಡಿನ ವಿಧಾನವನ್ನು ನವಜಾತ ಶಿಶುಗಳ ತಪಾಸಣೆಗೆ ತಂದವರು ಅಮೆರಿಕದ ರಾಬರ್ಟ್ ಗಥ್ರಿ, 1960ರ ದಶಕದ ಆರಂಭದಲ್ಲಿ. ಫಿನೈಲ್‌ಕೀಟೋನೂರಿಯಾ ಎಂಬ ಹುಟ್ಟು ಕಾಯಿಲೆಯನ್ನು ಬೇಗ ಹಿಡಿದರೆ ಮಗುವಿನ ಬುದ್ಧಿಮಾಂದ್ಯವನ್ನು ತಡೆಯಬಹುದು ಎಂಬುದು ಅವರ ಕಾಳಜಿಯಾಗಿತ್ತು. ಆ ಕಾರ್ಡು ಇಂದು ಹತ್ತಾರು ಕಾಯಿಲೆಗಳ ತಪಾಸಣೆಗೆ ಬಳಕೆಯಾಗುತ್ತಿದೆ. ಮೂರು ಮಿಲಿಮೀಟರಿನ ಒಂದು ಬಿಲ್ಲೆಯನ್ನು ಕಾರ್ಡಿನಿಂದ ಕತ್ತರಿಸಿ ತೆಗೆದರೆ ಅದರಲ್ಲಿರುವುದು ಸುಮಾರು ಮೂರು ಮೈಕ್ರೋಲೀಟರ್ ರಕ್ತ, ಎಂದರೆ ಒಂದು ಹನಿಯ ಸಣ್ಣ ಚೂರು. ಅಷ್ಟರಲ್ಲೇ ಕೊಟಿನಿನ್ ಅಳೆಯುವ ಯಂತ್ರಗಳು ಬಂದಿವೆ. ಅವು ರಕ್ತದ ಸಾರವನ್ನು ಮೊದಲು ದ್ರವದ ಹರಿವಿನಲ್ಲಿ ಬೇರ್ಪಡಿಸಿ, ಆಮೇಲೆ ಒಂದೊಂದು ಅಣುವನ್ನೂ ಅದರ ದ್ರವ್ಯರಾಶಿಯಿಂದ ಗುರುತಿಸುತ್ತವೆ.

ಎಷ್ಟು ಸೂಕ್ಷ್ಮ ಎಂದು ತಿಳಿಯಲು ಒಂದು ಲೆಕ್ಕ. ಫಲಿತಾಂಶವನ್ನು ಒಂದು ಮಿಲಿಲೀಟರಿಗೆ ಇಷ್ಟು ನ್ಯಾನೋಗ್ರಾಂ ಎಂದು ಬರೆಯುತ್ತಾರೆ. ಒಂದು ನ್ಯಾನೋಗ್ರಾಂ ಎಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ನಿಮ್ಮ ಊರಿನಲ್ಲಿ 10 ಲಕ್ಷ ಲೀಟರಿನ ಎತ್ತರದ ನೀರಿನ ಟ್ಯಾಂಕ್ ಇದ್ದರೆ, ಅದು ತುಂಬಿದಾಗ ಒಂದು ಚಿಟಿಕೆ ಉಪ್ಪು, ಸರಿಯಾಗಿ ಒಂದು ಗ್ರಾಂ, ಹಾಕಿ ಕಲಸಿರಿ. ಆಗ ಆ ನೀರಿನಲ್ಲಿರುವ ಉಪ್ಪು ಒಂದು ಮಿಲಿಲೀಟರಿಗೆ ಒಂದು ನ್ಯಾನೋಗ್ರಾಂ. ದಿನವೂ ಸೇದುವ ದೊಡ್ಡವರ ರಕ್ತದಲ್ಲಿ ಕೊಟಿನಿನ್ ನೂರು, ಇನ್ನೂರು, ಮುನ್ನೂರು ನ್ಯಾನೋಗ್ರಾಂ ಇರುತ್ತದೆ. ಹೊಗೆಸೊಪ್ಪು ಅಗಿಯುವವರಲ್ಲೂ ಅಷ್ಟೇ ಏರಬಲ್ಲದು. ಬೇರೆಯವರ ಹೊಗೆಯನ್ನು ಮಾತ್ರ ಉಸಿರಾಡಿದವರಲ್ಲಿ ಸಾಮಾನ್ಯವಾಗಿ ಒಂದರ ಆಸುಪಾಸು ಅಥವಾ ಅದಕ್ಕೂ ಕಡಿಮೆ.

ಹಾಗಾದರೆ ಸುಲಭವಾಯಿತಲ್ಲ, ಸಂಖ್ಯೆ ನೋಡಿ ಯಾರು ಅಗಿದರು, ಯಾರ ಪಕ್ಕ ಗಂಡ ಬೀಡಿ ಸೇದಿದ ಎಂದು ಹೇಳಿಬಿಡಬಹುದು ಎಂದು ಅನ್ನಿಸುತ್ತದೆ. ಇಲ್ಲಿಯೇ ಎಡವುತ್ತೇವೆ. ಈ ಭಾಗವನ್ನು ನಿಧಾನವಾಗಿ ಹೇಳುತ್ತೇನೆ, ದಯವಿಟ್ಟು ಬರೆದುಕೊಳ್ಳಿ.

ಬಸಿರಿನಲ್ಲಿ ಹೆಂಗಸಿನ ದೇಹ ಕೊಟಿನಿನ್ ಅನ್ನು ಬೇಗ ಹೊರಹಾಕುತ್ತದೆ, ಅರ್ಧಾಯು ಸುಮಾರು ಒಂಬತ್ತು ಗಂಟೆಗೆ ಇಳಿಯುತ್ತದೆ. ಹುಟ್ಟಿದ ಮಗುವಿನಲ್ಲಿ ಅದು ಸುಮಾರು ಹದಿನಾರು ಗಂಟೆ. ಈಗ ಒಬ್ಬ ತಾಯಿಯನ್ನು ಊಹಿಸಿಕೊಳ್ಳಿ. ದಿನಕ್ಕೆ ಕೆಲವು ಸಲ ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಅಥವಾ ಕಡ್ಡಿಪುಡಿ ಎಂಬ ತಂಬಾಕಿನ ಪುಡಿ ಹಾಕುವವಳು. ನೋವು ಆರಂಭವಾಗಿ ಆಸ್ಪತ್ರೆಗೆ ಬಂದಾಗ ಅವಳ ರಕ್ತದಲ್ಲಿ ಕೊಟಿನಿನ್ 64 ನ್ಯಾನೋಗ್ರಾಂ ಇದೆ ಎನ್ನೋಣ. ವಾರ್ಡಿನಲ್ಲಿ ಯಾರೂ ಹಾಕಲು ಬಿಡುವುದಿಲ್ಲ. ಇಪ್ಪತ್ತೇಳು ಗಂಟೆ ನೋವು ತಿಂದು ಹೆರುತ್ತಾಳೆ. ಒಂಬತ್ತರ ಮೂರು ಸುತ್ತು: 64 ಹೋಗಿ 32, 16, 8. ಮಗು ಸುಮಾರು 8ರೊಂದಿಗೆ ಹುಟ್ಟುತ್ತದೆ. ಹಿಮ್ಮಡಿ ಚುಚ್ಚುವುದು ನಲವತ್ತೆಂಟು ಗಂಟೆಯ ನಂತರ. ಹದಿನಾರರ ಮೂರು ಸುತ್ತು: 4, 2, 1. ಕಾರ್ಡಿನ ಮೇಲೆ ಉಳಿದದ್ದು ಒಂದು ನ್ಯಾನೋಗ್ರಾಂ. ದಿನವೂ ಅಗಿಯುತ್ತಿದ್ದವಳು ಪಕ್ಕದವರ ಹೊಗೆ ಕುಡಿದವಳಂತೆ ಕಾಣುತ್ತಾಳೆ. ಪಕ್ಕದ ಹಾಸಿಗೆಯಲ್ಲಿ ಎರಡು ಗಂಟೆಯಲ್ಲಿ ಹೆತ್ತವಳು, ಬಸ್ ನಿಲ್ದಾಣದಲ್ಲಿ ಒಮ್ಮೆ ಹಾಕಿಕೊಂಡು ಬಂದವಳು, ದೊಡ್ಡ ಅಪರಾಧಿಯಂತೆ ಕಾಣಬಹುದು. ಇದರ ಮೇಲೆ ಎದೆಹಾಲಿನ ತೊಡಕೂ ಇದೆ. ನಿಕೋಟಿನ್, ಕೊಟಿನಿನ್ ಎರಡೂ ಹಾಲಿಗೆ ಇಳಿಯುತ್ತವೆ. ತಾಯಿ ಹೆರಿಗೆಯಾದ ಮರುದಿನವೇ ಮತ್ತೆ ಆರಂಭಿಸಿದ್ದರೆ ಹಿಮ್ಮಡಿಯ ಹನಿಯಲ್ಲಿ ಗರ್ಭದ ಕಥೆಯೂ ಹಾಲಿನ ಕಥೆಯೂ ಬೆರೆತಿರುತ್ತವೆ. ಇದನ್ನು ಕೇಳಿ ಹಾಲು ನಿಲ್ಲಿಸಬೇಡಿ. ತಂಬಾಕು ಬಳಸುವ ತಾಯಿಯ ಮಗುವಿಗೂ ಎದೆಹಾಲೇ ಮೇಲು, ಬಿಡಿಸಬೇಕಾದದ್ದು ತಂಬಾಕನ್ನು.

ಮೂರು ದಿನ ಬಿಟ್ಟರೆ ಕೊಟಿನಿನ್ ಹೆಚ್ಚೂಕಡಿಮೆ ಮಾಯ. ಬಸಿರಿನ ಒಂಬತ್ತು ತಿಂಗಳಲ್ಲಿ ಅದು ಹೇಳುವುದು ಕಡೆಯ ಎರಡು ಮೂರು ದಿನಗಳ ಮಾತನ್ನು ಮಾತ್ರ. ಆದ್ದರಿಂದ ಹಿಂದಿನ ತಿಂಗಳುಗಳನ್ನು ಓದಲು ವಿಜ್ಞಾನಿಗಳು ಬೇರೆ ಗುರುತುಗಳನ್ನು ಹುಡುಕಿದರು. ಮಗುವಿನ ಮೊದಲ ಕಪ್ಪು ಮಲ ಗರ್ಭದಲ್ಲೇ ಸಂಗ್ರಹವಾದದ್ದು, ಅದರಲ್ಲಿ ಕೊನೆಯ ತಿಂಗಳುಗಳ ಉಳಿಕೆ ಸಿಗುತ್ತದೆ. ಧೂಮಪಾನಿ ತಾಯಂದಿರ ಮಕ್ಕಳ ಮೊಟ್ಟಮೊದಲ ಮೂತ್ರದಲ್ಲಿ, ತಂಬಾಕಿನಲ್ಲಷ್ಟೇ ಇರುವ ಒಂದು ಕ್ಯಾನ್ಸರ್‌ಕಾರಕ ನೈಟ್ರೋಸಮೈನಿನ ಅವಶೇಷವನ್ನು 1990ರ ದಶಕದ ಕೊನೆಯಲ್ಲಿ ಗುರುತಿಸಿದರು. ಇನ್ನೂ ಉಸಿರನ್ನೇ ಎಳೆಯದ ಜೀವದೊಳಗೆ ಆ ವಸ್ತು ಇತ್ತು ಎಂದು ಓದಿದ ದಿನ ನನಗೆ ಊಟ ಸೇರಲಿಲ್ಲ.

ಎಲ್ಲಕ್ಕಿಂತ ಬೆರಗಿನ ಗುರುತು ಡಿಎನ್‌ಎ ಮೇಲಿನದು. ಜೀನುಗಳ ಮೇಲೆ ಅಲ್ಲಲ್ಲಿ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುಂಪುಗಳು ಅಂಟಿಕೊಂಡಿರುತ್ತವೆ. ಜೀನು ಎಷ್ಟು ಕೆಲಸ ಮಾಡಬೇಕು ಎಂಬುದರಲ್ಲಿ ಅವುಗಳ ಪಾತ್ರವಿದೆ. ನಾರ್ವೆಯಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳ ಹೊಕ್ಕುಳಬಳ್ಳಿಯ ರಕ್ತವನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ, ಸೇದುವ ತಾಯಂದಿರ ಮಕ್ಕಳಲ್ಲಿ ಹತ್ತು ಜೀನುಗಳ ಇಪ್ಪತ್ತಾರು ತಾಣಗಳಲ್ಲಿ ಈ ಗುರುತುಗಳು ಬದಲಾಗಿರುವುದನ್ನು ತೋರಿಸಿತು. ಅವುಗಳಲ್ಲಿ ಎಎಚ್‌ಆರ್‌ಆರ್ ಎಂಬ ಜೀನು ಮುಖ್ಯ. ಹೊಗೆಯ ವಿಷಗಳನ್ನು ದೇಹ ಎದುರಿಸುವ ವ್ಯವಸ್ಥೆಯನ್ನು ಹತೋಟಿಯಲ್ಲಿಡುವ ಜೀನು ಅದು. 2016ರಲ್ಲಿ ಹದಿಮೂರು ಅಧ್ಯಯನಗಳ ಆರು ಸಾವಿರಕ್ಕೂ ಹೆಚ್ಚು ಶಿಶುಗಳ ಮಾಹಿತಿಯನ್ನು ಒಟ್ಟುಗೂಡಿಸಿದಾಗ ಇಂಥ ತಾಣಗಳು ಸಾವಿರಾರು ಸಿಕ್ಕವು. ಕೆಲವು ಗುರುತುಗಳು ಮಗು ಶಾಲೆಗೆ ಹೋಗುವ ವಯಸ್ಸಿನಲ್ಲೂ ಉಳಿದಿರುತ್ತವೆ. ಕೊಟಿನಿನ್ ಮೂರು ದಿನದ ಸಾಕ್ಷಿಯಾದರೆ ಇದು ವರ್ಷಗಳ ಸಾಕ್ಷಿ.

ಆದರೆ ಮೈಸೂರಿನಲ್ಲಿ ಕೂತು ಈ ಸಂಶೋಧನಾ ಲೇಖನಗಳನ್ನು ಓದುವಾಗ ನನಗೆ ಮತ್ತೆ ಆ ಹುಡುಗಿಯ ಅಂಗೈ ನೆನಪಾಗುತ್ತದೆ. ಈ ಗುರುತುಗಳನ್ನು ಮೂಡಿಸುವುದು ಬಹುಮಟ್ಟಿಗೆ ಹೊಗೆ, ಸುಟ್ಟ ಎಲೆಯಿಂದ ಹುಟ್ಟುವ ವಿಷಗಳು. ಸ್ವೀಡನ್ನಿನಲ್ಲಿ ತುಟಿಯ ಅಡಿಯಲ್ಲಿ ಇಡುವ ಸ್ನೂಸ್ ಎಂಬ ತಂಬಾಕನ್ನು ಮಾತ್ರ ಬಳಸುವ ವಯಸ್ಕರನ್ನು ಪರೀಕ್ಷಿಸಿದಾಗ, ಸೇದುವವರಲ್ಲಿ ಕಂಡ ಬದಲಾವಣೆಗಳು ಅವರಲ್ಲಿ ಕಾಣಲಿಲ್ಲ. ಈಗ ನಮ್ಮ ದೇಶದ ಲೆಕ್ಕ ನೋಡಿ. 2016–17ರ ರಾಷ್ಟ್ರೀಯ ಸಮೀಕ್ಷೆಯಂತೆ ಭಾರತದ ವಯಸ್ಕ ಹೆಂಗಸರಲ್ಲಿ ಸೇದುವವರು ನೂರಕ್ಕೆ 2, ಹೊಗೆರಹಿತ ತಂಬಾಕು ಬಳಸುವವರು ನೂರಕ್ಕೆ 12.8. ಅಂದರೆ ಯುರೋಪಿನ ಶಿಶುಗಳಲ್ಲಿ ಇಷ್ಟು ಚೆನ್ನಾಗಿ ಕೆಲಸ ಮಾಡುವ ಪರೀಕ್ಷೆಯನ್ನು ಹಾಗೆಯೇ ಎತ್ತಿ ತಂದರೆ, ನಮ್ಮ ಎಲೆ ಅಡಿಕೆ ಹೊಗೆಸೊಪ್ಪಿನ ತಾಯಂದಿರಲ್ಲಿ ಬಹಳಷ್ಟು ಮಂದಿ ಅದರ ಕಣ್ಣಿಗೆ ಬೀಳದೆ ಹೋಗಬಹುದು. ಕೊಟಿನಿನ್ ಎಲ್ಲ ಬಗೆಯ ತಂಬಾಕನ್ನೂ ನೋಡುತ್ತದೆ, ಆದರೆ ಕೆಲವೇ ದಿನ. ಡಿಎನ್‌ಎ ಗುರುತು ತಿಂಗಳುಗಟ್ಟಲೆ ನೋಡುತ್ತದೆ, ಆದರೆ ಹೊಗೆಯನ್ನು ಮಾತ್ರ. ಬರಿಯ ಅಡಿಕೆಯನ್ನು ಎರಡೂ ನೋಡುವುದಿಲ್ಲ. ಅಡಿಕೆಯ ಅರೆಕೊಲಿನ್ ಬೇರೆಯೇ ವಸ್ತು, ಅದನ್ನು ಬೇರೆಯೇ ಹುಡುಕಬೇಕು. ನಮ್ಮ ನೆಲಕ್ಕೆ ಒಪ್ಪುವ ಪರೀಕ್ಷೆಯನ್ನು ನಮ್ಮ ನೆಲದಲ್ಲೇ ಒರೆಗೆ ಹಚ್ಚಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೆ.

ಇಷ್ಟೆಲ್ಲ ತೊಡಕಿದ್ದರೆ ಕೇಳಿ ತಿಳಿಯುವುದೇ ಒಳ್ಳೆಯದಲ್ಲವೇ? ಕೇಳಲೇಬೇಕು. ಆದರೆ ಕೇಳಿದ್ದೇ ಸತ್ಯ ಎಂದುಕೊಂಡರೆ ಮೋಸಹೋಗುತ್ತೇವೆ. ಸ್ಕಾಟ್ಲೆಂಡಿನಲ್ಲಿ ಗರ್ಭಿಣಿಯರ ಉತ್ತರವನ್ನು ಅವರ ರಕ್ತದ ಕೊಟಿನಿನ್ ಜೊತೆ ಹೋಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉತ್ತರವನ್ನೇ ನಂಬಿದ್ದರೆ ಸೇದುವವರಲ್ಲಿ ನಾಲ್ಕರಲ್ಲಿ ಒಬ್ಬರು ಲೆಕ್ಕದಿಂದ ತಪ್ಪಿಹೋಗುತ್ತಿದ್ದರು. ಹೆಂಗಸು ಸೇದುವುದು ಅಷ್ಟೇನೂ ದೊಡ್ಡ ನಾಚಿಕೆಯಲ್ಲದ ದೇಶದಲ್ಲಿ ಹೀಗೆ. ಅತ್ತೆ ಪಕ್ಕದಲ್ಲಿ ನಿಂತಿರುವಾಗ ನಮ್ಮ ಹೆಂಗಸರು ಏನು ಹೇಳಿಯಾರು? ಇದನ್ನು ಸುಳ್ಳು ಎಂದು ಕರೆಯಲು ನನಗೆ ಮನಸ್ಸಿಲ್ಲ. ಎಷ್ಟೋ ಸಲ ಪ್ರಶ್ನೆಯೇ ಅವರ ಬದುಕನ್ನು ಮುಟ್ಟಿರುವುದಿಲ್ಲ. "ತಂಬಾಕು ಬಳಸುತ್ತೀರಾ?" ಎಂದರೆ ಎಲೆ ಅಡಿಕೆಗೆ ಚೂರು ಕಡ್ಡಿಪುಡಿ ಹಾಕುವವರು ಇಲ್ಲ ಎನ್ನುತ್ತಾರೆ. ಅವರ ಮನಸ್ಸಿನಲ್ಲಿ ತಂಬಾಕು ಎಂದರೆ ಹೊಲದಲ್ಲಿ ಬೆಳೆಯುವುದು, ಎಲೆ ಅಡಿಕೆಯೆಂದರೆ ಊಟವಾದ ಮೇಲಿನದು. ಸೊಪ್ಪಿನ ಪುಡಿಯಲ್ಲಿ ದಿನವಿಡೀ ಕೈಯಿಟ್ಟು ಬೀಡಿ ಕಟ್ಟುವವರೂ ಇಲ್ಲ ಎನ್ನುತ್ತಾರೆ.

ಈ ಪರೀಕ್ಷೆಯಿಂದ ಉಪಯೋಗವೇನು ಎಂಬ ಪ್ರಶ್ನೆಗೆ ನನ್ನ ಉತ್ತರವನ್ನು ಬಿಚ್ಚಿ ಹೇಳುತ್ತೇನೆ. ಒಬ್ಬ ತಾಯಿಯ ಬಗ್ಗೆ ತೀರ್ಪು ಕೊಡಲು ಈ ಹನಿ ಯೋಗ್ಯವಲ್ಲ. ಸಂಖ್ಯೆ ಅಷ್ಟು ಗಟ್ಟಿಯಾದದ್ದಲ್ಲ ಎಂಬುದನ್ನು ಈಗಷ್ಟೇ ಲೆಕ್ಕ ಹಾಕಿ ನೋಡಿದೆವು. ಮೇಲಾಗಿ ಮಗು ಹುಟ್ಟಿದ ಮೇಲೆ ತಿಳಿಯುವುದು ತಡವಾಗಿ ತಿಳಿಯುವುದು. ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಒಂದು ದೊಡ್ಡ ಅಧ್ಯಯನದಲ್ಲಿ, ಹದಿನೈದು ವಾರದೊಳಗೆ ಸೇದುವುದನ್ನು ಬಿಟ್ಟವರ ಮಕ್ಕಳಿಗೆ ಅವಧಿಗೆ ಮೊದಲೇ ಹುಟ್ಟುವ, ಸಣ್ಣದಾಗಿ ಹುಟ್ಟುವ ಅಪಾಯ ಸೇದದವರ ಮಕ್ಕಳಿಗಿಂತ ಹೆಚ್ಚಿರಲಿಲ್ಲ. ಕೆಲಸ ಆಗಬೇಕಾದದ್ದು ಆ ಹದಿನೈದು ವಾರದಲ್ಲಿ, ನೀವು ತಾಯಿ ಕಾರ್ಡ್ ತುಂಬುವ ದಿನ. ಆದರೆ ಹೆಸರಿಲ್ಲದ ಸಾವಿರ ಹನಿಗಳು ಒಟ್ಟಾದರೆ ಒಂದು ತಾಲ್ಲೂಕನ್ನು ಓದಬಲ್ಲವು. ಯಾವ ಹೋಬಳಿಯಲ್ಲಿ, ಯಾವ ತಿಂಗಳಲ್ಲಿ ಮಕ್ಕಳ ರಕ್ತದಲ್ಲಿ ಕೊಟಿನಿನ್ ಏರುತ್ತದೆ? ಸೊಪ್ಪು ಮುರಿಯುವ ಜುಲೈ, ಆಗಸ್ಟ್, ಸೆಪ್ಟೆಂಬರಿನಲ್ಲಿ ಏರಿ ಬೇಸಿಗೆಯಲ್ಲಿ ಇಳಿದರೆ, ಅದು ತಾಯಂದಿರ ಚಟದ ಮಾತಲ್ಲ, ದುಡಿಮೆಯ ಮಾತು ಎಂದು ಯಾರಿಗಾದರೂ ತಿಳಿಯುತ್ತದೆ. ಆಗ ಗರ್ಭಿಣಿ ಕೂಲಿಗಾರ್ತಿಗೆ ಕೈಗವಸು, ಬದಲಿ ಕೆಲಸ, ಕೂಲಿ ಕಡಿತವಿಲ್ಲದ ರಜೆ ಕೇಳಲು ನಮ್ಮ ಕೈಯಲ್ಲಿ ಆಧಾರವಿರುತ್ತದೆ. ನಾನು ಬಯಸುವುದು ಈ ನಕ್ಷೆಯನ್ನು.

ಮೈಸೂರಿನವರಿಗೆ ಇಂಥ ಓದು ಹೊಸದಲ್ಲ. ನಾವು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾಖಲೆ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಬರೆದವರಿಗೆ ಅದು ಮುಂದೆ ಏನಾಗುತ್ತದೆ ಎಂಬ ಅರಿವಿರಲಿಲ್ಲ. ಅರವತ್ತು ವರ್ಷಗಳ ನಂತರ ಆ ಪುಸ್ತಕಗಳನ್ನು ಹಿಡಿದು ಇಲ್ಲಿನ ಮತ್ತು ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರು ಅದೇ ಮಕ್ಕಳನ್ನು, ಈಗ ನಡುವಯಸ್ಸಿನವರನ್ನು, ಬೀದಿ ಬೀದಿ ಸುತ್ತಿ ಹುಡುಕಿದರು. ಸಣ್ಣದಾಗಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಎಂಬುದನ್ನು 1996ರಲ್ಲಿ ಪ್ರಕಟಿಸಿದರು. ಯಾರೋ ಒಬ್ಬ ದಾದಿ ತಕ್ಕಡಿಯ ಮುಳ್ಳನ್ನು ಸರಿಯಾಗಿ ನೋಡಿ ಬರೆದ ಅಂಕಿ ಜಗತ್ತಿನ ವೈದ್ಯಶಾಸ್ತ್ರಕ್ಕೆ ಉಪಯೋಗವಾಯಿತು. ನೀವು ಬರೆಯುವ ಪ್ರತಿ ತೂಕವನ್ನೂ ಈ ನೆನಪಿನಿಂದ ಬರೆಯಿರಿ.

ಹಾಗೆಯೇ ಇನ್ನೊಂದು ನೆನಪೂ ಇರಲಿ. ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ತಪಾಸಣೆಗೆ ತೆಗೆದ ಶಿಶುಗಳ ರಕ್ತದ ಕಾರ್ಡುಗಳನ್ನು ಪೋಷಕರ ಒಪ್ಪಿಗೆಯಿಲ್ಲದೆ ಸಂಶೋಧನೆಗೆಂದು ಇಟ್ಟುಕೊಂಡಿದ್ದರು. ಪೋಷಕರು 2009ರಲ್ಲಿ ನ್ಯಾಯಾಲಯಕ್ಕೆ ಹೋದರು. ಕೊನೆಗೆ 50 ಲಕ್ಷಕ್ಕೂ ಹೆಚ್ಚು ಮಾದರಿಗಳನ್ನು ನಾಶ ಮಾಡಬೇಕಾಯಿತು. ಎಷ್ಟೋ ಪ್ರಶ್ನೆಗಳಿಗೆ ಉತ್ತರವಾಗಬಹುದಾಗಿದ್ದ ಕಾರ್ಡುಗಳು ಒಂದು ಮಾತು ಕೇಳದ ಕಾರಣಕ್ಕೆ ಹೋದವು. ತಾಯಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳಿ, ಅವಳು ಬೇಡವೆಂದರೆ ಬಿಟ್ಟು, ಹೆಸರನ್ನು ಕಾರ್ಡಿನಿಂದ ಬೇರೆ ಮಾಡಿ, ಆಮೇಲೆ ಒಂದು ಹನಿ ತೆಗೆಯಬೇಕು.

ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬ ವಿದ್ಯಾರ್ಥಿನಿ ಬದನೆಕಾಯಿಯಲ್ಲೂ ನಿಕೋಟಿನ್ ಇದೆಯಂತೆ, ದಿನವೂ ಎಣ್ಣೆಗಾಯಿ ತಿಂದವರ ಮಗುವಿನಲ್ಲಿ ಅದು ತೋರುವುದಿಲ್ಲವೇ ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಬದನೆ, ಟೊಮೆಟೊ, ಆಲೂಗಡ್ಡೆ ತಂಬಾಕಿನ ಬಳಗದವೇ, ಅವುಗಳಲ್ಲಿ ಅತ್ಯಲ್ಪ ನಿಕೋಟಿನ್ ಇದೆ. ಆದರೆ ಒಂದು ಸಿಗರೇಟಿನಿಂದ ದೇಹಕ್ಕೆ ಸೇರುವಷ್ಟು ಬೇಕೆಂದರೆ ಸುಮಾರು ಹತ್ತು ಕಿಲೋ ಬದನೆಕಾಯಿ ತಿನ್ನಬೇಕು. ಬಸುರಿಯರು ನಿಶ್ಚಿಂತೆಯಿಂದ ತಿನ್ನಲಿ.

ಇನ್ನೊಬ್ಬರು, ಗಂಡ ಮನೆಯೊಳಗೆ ಬೀಡಿ ಸೇದುವುದನ್ನು ಬಿಡಿಸಲು ಆಗುತ್ತಿಲ್ಲ, ಏನು ಮಾಡಲಿ ಎಂದರು. ಅದೇ ರಾಷ್ಟ್ರೀಯ ಸಮೀಕ್ಷೆಯಲ್ಲಿ ನೂರಕ್ಕೆ 38.7 ಮಂದಿ ಮನೆಯಲ್ಲೇ ಬೇರೆಯವರ ಹೊಗೆಗೆ ಒಡ್ಡಿಕೊಂಡಿದ್ದರು. ಇದು ಆ ಹೆಂಗಸೊಬ್ಬಳ ಹೊಣೆಯಲ್ಲ. ಭೇಟಿಗೆ ಹೋದಾಗ ಗಂಡನನ್ನೂ ಕೂರಿಸಿ ಮಾತನಾಡಿ. 1800-11-2356 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಿದರೆ ತಂಬಾಕು ಬಿಡಲು ನೆರವಾಗುತ್ತಾರೆ, ಕನ್ನಡದಲ್ಲೂ ಮಾತನಾಡುತ್ತಾರೆ. ನಿಮ್ಮ ಡೈರಿಯ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ.

ಕೊನೆಯಲ್ಲಿ ಹುಣಸೂರು ಕಡೆಯ ಹಿರಿಯ ಆಶಾ ಕಾರ್ಯಕರ್ತೆಯೊಬ್ಬರು ಎದ್ದು ನಿಂತು, ಪರೀಕ್ಷೆಯ ಕಾರ್ಡು ಬರುವವರೆಗೆ ನಾನು ಏನು ಕೇಳಲಿ, ಹೇಗೆ ಕೇಳಲಿ ಎಂದರು. ಅವರಿಗೆ ಹೇಳಿದ್ದನ್ನು ಇಲ್ಲಿಯೂ ಬರೆಯುತ್ತೇನೆ. ಅವಳನ್ನು ಒಬ್ಬಳೇ ಇರುವಾಗ ಮಾತನಾಡಿಸಿ, ಬಟ್ಟೆ ಒಗೆಯುವ ಕಲ್ಲಿನ ಬಳಿಯಾದರೂ ಸರಿ. ತಂಬಾಕು ಎಂಬ ಪದವನ್ನು ಮೊದಲಿಗೆ ತರಬೇಡಿ. ಊಟವಾದ ಮೇಲೆ ಎಲೆ ಅಡಿಕೆ ಹಾಕುತ್ತೀಯಾ, ಅದರ ಜೊತೆ ಏನು ಸೇರಿಸುತ್ತೀಯಾ ಎಂದು ಕೇಳಿ. ಮನೆಯೊಳಗೆ ಯಾರು ಸೇದುತ್ತಾರೆ ಎಂದು ಕೇಳಿ. ಈ ವರ್ಷ ಸೊಪ್ಪು ಮುರಿಯಲು, ಕಟ್ಟಲು, ಬ್ಯಾರನ್ ಕೆಲಸಕ್ಕೆ, ಬೀಡಿ ಕಟ್ಟಲು ಹೋಗಿದ್ದೆಯಾ, ಬಂದ ಸಂಜೆ ತಲೆ ಸುತ್ತಿತ್ತೇ ಎಂದು ಕೇಳಿ. ಹೋಗದೆ ವಿಧಿಯಿಲ್ಲ ಎಂದರೆ ಇಬ್ಬನಿ ಆರಿದ ಮೇಲೆ ಹೋಗಲು, ಕೈಗವಸು ಮತ್ತು ತುಂಬುತೋಳಿನ ಅಂಗಿ ಹಾಕಲು, ಒದ್ದೆ ಬಟ್ಟೆಯನ್ನು ತಕ್ಷಣ ಬದಲಿಸಲು, ಬಂದ ಕೂಡಲೇ ಸೋಪಿನಿಂದ ಮೈ ಕೈ ತೊಳೆಯಲು ಹೇಳಿ.

ಅವರು ಎಲ್ಲವನ್ನೂ ಬರೆದುಕೊಂಡರು. ಆಮೇಲೆ ಪೆನ್ನು ಮುಚ್ಚಿಟ್ಟು, ತಮ್ಮ ಸೊಸೆಗೆ ಈಗ ಐದು ತಿಂಗಳು, ನಿನ್ನೆಯೂ ಸೊಪ್ಪು ಕಟ್ಟಲು ಹೋಗಿದ್ದಳು, ನಾನೇ ಕಳಿಸಿದ್ದೆ ಎಂದರು. ಸಭೆಯಲ್ಲಿ ಯಾರೂ ಮಾತನಾಡಲಿಲ್ಲ. ಸಂಜೆಯ ಬಸ್ಸಿಗೆ ಹೊರಡುವ ಮೊದಲು ಅವರು ನನ್ನ ಬಳಿ ಬಂದು ಕೈಗವಸು ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಕೇಳಿದರು. ಇಬ್ಬರೂ ಕೂಡಿಯೇ ಹೋಗಿ ನಾಲ್ಕು ಜೊತೆ ಕೊಂಡೆವು.